ಲೋ ಆ್ಯಂಗಲ್ ಕಂಡಲ್ಲೆಲ್ಲ ‘ಅಧಿಕಾರ’ ಅಂತ ಬರೆಯಬೇಡಿ

ಪ್ರಶ್ನೆ: ಧಾರಾವಾಹಿಯ ಒಂದು ದೃಶ್ಯದ ವಿಶ್ಲೇಷಣೆ ಬರೆಯಬೇಕಿದೆ. ಲೋ ಆ್ಯಂಗಲ್ (ಕೆಳಗಿನಿಂದ ಮೇಲಕ್ಕೆ ನೋಡುವ ಕ್ಯಾಮೆರಾ) ಅಂದರೆ ಅಧಿಕಾರ, ಹೈ ಆ್ಯಂಗಲ್ (ಮೇಲಿನಿಂದ ಕೆಳಕ್ಕೆ) ಅಂದರೆ ಅಸಹಾಯಕತೆ, ಕ್ಲೋಸಪ್ ಅಂದರೆ ಭಾವನೆ ಎಂದು ಗೈಡ್‌ನಲ್ಲಿದೆ. ಇಷ್ಟು ಸಾಕೇ?
– ಪತ್ರಿಕೋದ್ಯಮ ವಿದ್ಯಾರ್ಥಿನಿ, ಕಲಬುರಗಿ

ಸಾಲದು. ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಇದೇ ಪ್ರಶ್ನೆ ಬರುತ್ತದೆ, ಉತ್ತರ ಪತ್ರಿಕೆಗಳಲ್ಲೂ ಇದೇ ಮೂರು ಸಾಲು. ಆ ಗೈಡ್ ಎತ್ತಿಡಿ.

ಅತ್ತೆ ಮೆಟ್ಟಿಲ ಮೇಲಿದ್ದಾಳೆ, ಸೊಸೆ ಕೆಳಗೆ. ಸೊಸೆ ತಲೆಯೆತ್ತುತ್ತಾಳೆ, ಮುಂದಿನ ಶಾಟ್‌ನಲ್ಲಿ ಅತ್ತೆ ಕೆಳಗಿನಿಂದ ಕಾಣುತ್ತಾಳೆ. ಅದು ಸೊಸೆಯ ನೋಟ, ಅಲ್ಲಿಂದ ಹಾಗೆಯೇ ಕಾಣುವುದು. ಮಾತು ಬೆಳೆದಂತೆ ಸೊಸೆ ಮೂರು ಮೆಟ್ಟಿಲು ಹತ್ತಿ, ಕ್ಯಾಮೆರಾ ಇಬ್ಬರ ಕಣ್ಣಿನ ಮಟ್ಟಕ್ಕೆ ಬಂತೆನ್ನಿ. ಬರೆಯಬೇಕಾದದ್ದು ಆ ಬದಲಾವಣೆಯನ್ನು. ಯಾವ ಮಾತಿಗೆ ಬದಲಾಯಿತು, ಆಗ ಮುಖ ಎಷ್ಟು ಹತ್ತಿರವಿತ್ತು ಅಂತ ನೋಡಿ. ಒಂಟಿ ಶಾಟ್‌ಗೆ ಅರ್ಥ ಅಂಟಿಸಲು ಹೋದರೆ ಎಡವುತ್ತೀರಿ.

ಎರಡು ನಿಮಿಷದ ಒಂದೇ ದೃಶ್ಯ ಆರಿಸಿ. ಮೊದಲ ಸಲ ದನಿ ಬಂದ್ ಮಾಡಿ, ಪ್ರತಿ ಕಟ್‌ಗೂ, ಅಂದರೆ ಶಾಟ್ ಬದಲಾದಾಗಲೆಲ್ಲ, ನಿಲ್ಲಿಸಿ ಹಾಳೆಯಲ್ಲಿ ಬರೆದುಕೊಳ್ಳಿ: ಶಾಟ್ ಸಂಖ್ಯೆ, ಎಷ್ಟು ಸೆಕೆಂಡು, ಯಾರು, ಎಷ್ಟು ಹತ್ತಿರ, ಕ್ಯಾಮೆರಾ ಎತ್ತರ, ಚಲನೆ. ಎರಡನೇ ಸಲ ಪರದೆಗೆ ಟವೆಲ್ ಹಾಕಿ ಬರೀ ಕೇಳಿ. ಸಂಗೀತ ಮಾತಿಗಿಂತ ಮೊದಲೇ ಶುರುವಾದರೆ ಏನು ಅನಿಸಬೇಕೆಂದು ಅದು ಮುಂಚೆಯೇ ಹೇಳಿಬಿಟ್ಟಿರುತ್ತದೆ. 120 ಸೆಕೆಂಡಿಗೆ 40 ಶಾಟ್ ಇದ್ದರೆ ಸರಾಸರಿ 3 ಸೆಕೆಂಡು. ನಡುವೆ ಒಂದು ಶಾಟ್ 11 ಸೆಕೆಂಡು ನಿಂತಿದ್ದರೆ ಉತ್ತರವನ್ನು ಅಲ್ಲಿಂದಲೇ ಶುರುಮಾಡಿ.

ಎರಡು ತಪ್ಪು ಪದೇಪದೇ ಆಗುತ್ತವೆ. ‘ಎಲ್ಲೂ ನೆರಳಿಲ್ಲ, ಆದ್ದರಿಂದ ಇದು ಸುಖೀ ಸಂಸಾರ’ ಅಂತ ಬರೆಯುತ್ತಾರೆ. ಮೂರು ಕ್ಯಾಮೆರಾ ಒಟ್ಟಿಗೆ ಓಡುವಾಗ ಬೆಳಕು ಮೂರೂ ಕೋನಕ್ಕೆ ಹೊಂದಬೇಕು; ಅದಕ್ಕೇ ಇಡೀ ಹಾಲ್ ಒಂದೇ ಸಮ ಬೆಳಗಿರುತ್ತದೆ. ಅಂಥ ಮನೆಯಲ್ಲಿ ಯಾರೋ ಒಬ್ಬರ ಅರ್ಧ ಮುಖ ಕತ್ತಲಲ್ಲಿದ್ದರೆ ಅದನ್ನು ಬಿಡಬೇಡಿ. ಇನ್ನೊಂದು, ಜೂಮ್‌ಗೂ (ಲೆನ್ಸ್‌ನಿಂದ ಹತ್ತಿರ ತೋರಿಸುವುದು) ಟ್ರಾಲಿಗೂ (ಕ್ಯಾಮೆರಾವನ್ನೇ ಸರಿಸುವುದು) ವ್ಯತ್ಯಾಸ ತಿಳಿಯದೆ ಬರೆಯುವುದು. ಹಿಂದಿನ ದೇವರ ಫೋಟೊ ನೋಡಿ. ಮುಖ, ಫೋಟೊ ಎರಡೂ ಒಂದೇ ಪ್ರಮಾಣದಲ್ಲಿ ದೊಡ್ಡದಾದರೆ ಜೂಮ್. ಮುಖ ಬೇಗ ಬೆಳೆದು ಫೋಟೊ ಅಷ್ಟು ಬೆಳೆಯದಿದ್ದರೆ ಕ್ಯಾಮೆರಾವೇ ಹತ್ತಿರ ಸರಿದಿದೆ.

ಪ್ರಶ್ನೆ: ಕೆಂಪು ಅಂದರೆ ಅಪಾಯ, ಹಸಿರು ಅಂದರೆ ಹೊಟ್ಟೆಕಿಚ್ಚು ಅಲ್ಲವೇ?
– ಭಾಲ್ಕಿ

ಅಲ್ಲ. ನಮ್ಮ ಕಡೆ ಕುಬಸಕ್ಕೆ (ಸೀಮಂತಕ್ಕೆ) ಹಸಿರು ಸೀರೆ ಉಡಿಸಿ ಹಸಿರು ಬಳೆ ತೊಡಿಸುತ್ತಾರೆ. ಆ ದೃಶ್ಯಕ್ಕೆ ಹೊಟ್ಟೆಕಿಚ್ಚು ಎಂದು ಬರೆದರೆ ನಿಮ್ಮ ಅವ್ವನೇ ಒಪ್ಪಲ್ಲ. ರೀಲ್ಸ್‌ನ ಬಣ್ಣದ ಪಟ್ಟಿ ಬಾಯಿಪಾಠ ಮಾಡಬೇಡಿ.

ಪ್ರಶ್ನೆ: ಒಂದೇ ಮಾತಿಗೆ ಎಲ್ಲರ ಮುಖ ಮೂರು ಮೂರು ಸಲ ತೋರಿಸೋದು ಬರೀ ಟೈಮ್ ತುಂಬಿಸೋಕಾ?
– ಸುರಪುರ

ತುಂಬಿಸುವುದೂ ಇದೆ. ಆದರೆ ಮುಖಗಳ ಕ್ರಮ ಬರೆದುಕೊಳ್ಳಿ. ಕೊನೆಗೆ ಯಾರ ಮುಖದ ಮೇಲೆ ನಿಲ್ಲುತ್ತದೋ, ನಾಳೆ ಅವರು ಏನು ಮಾಡುತ್ತಾರೆಂದು ನೀವು ಕಾಯಬೇಕು ಅಂತ ಅರ್ಥ.

ಪ್ರಶ್ನೆ: ‘7 ದಿನದಲ್ಲಿ ದೃಶ್ಯಭಾಷೆ’ ಆನ್‌ಲೈನ್ ಕೋರ್ಸ್ ಸೇರಲೇ?
– ಯಾದಗಿರಿ

ದುಡ್ಡು ಕಟ್ಟಬೇಡಿ.