ಸಭೆಯ ಲೆಕ್ಕ ನೋಡಿ ಸಾಕಾಗಿದೆ, ಬಿಟ್ಟರೆ ತಪ್ಪಾ?

ಪ್ರಶ್ನೆ: ನಮ್ಮ ಸಣ್ಣ ಕ್ರೈಸ್ತ ಸಭೆಗೆ ಹಲವು ವರ್ಷಗಳಿಂದ ನಾನೇ ಖಜಾಂಚಿ. ಮೊದಲು ಖುಷಿಯಿಂದ ಒಪ್ಪಿಕೊಂಡಿದ್ದೆ. ಈಗ ಆರಾಧನೆ ಮುಗಿದು ಎಲ್ಲರೂ ಮನೆಗೆ ಹೋದ ಮೇಲೆ ಒಬ್ಬಳೇ ಕೂತು ಕಾಣಿಕೆ ಎಣಿಸುವಾಗ ಬೇಜಾರಾಗುತ್ತದೆ. ಬಿಡುತ್ತೇನೆ ಅಂದರೆ 'ದೇವರ ಸೇವೆ, ಬಿಡಬಾರದು' ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ತಂಗೀ, ನೀವು ದಣಿದಿದ್ದೀರಿ. ಅದು ದೇವರಿಗೆ ಬೆನ್ನು ತೋರಿಸಿದಂತೆ ಅಲ್ಲ. ಯೇಸುವಿನ ಶಿಷ್ಯ ಪೇತ್ರನು ಬೈಬಲಿನಲ್ಲಿರುವ ತನ್ನ ಮೊದಲ ಪತ್ರದ 5ನೇ ಅಧ್ಯಾಯದಲ್ಲಿ ಸಭೆಯ ಹಿರಿಯರಿಗೆ ಹೇಳುವುದೇ ಇದು: ಒತ್ತಾಯಕ್ಕೆ ಬೇಡ, ಇಷ್ಟಪಟ್ಟು ಮಾಡಿ. ಹಾಗಿರುವಾಗ ದೇವರ ಹೆಸರು ಹೇಳಿ ನಿಮ್ಮನ್ನು ಕಟ್ಟಿಹಾಕುವುದು ಸರಿಯಲ್ಲ.

ಆದರೆ ನನಗೆ ಜಾಸ್ತಿ ಚಿಂತೆಯಾಗಿದ್ದು ನೀವು ಒಬ್ಬರೇ ಎಣಿಸುತ್ತೀರಿ ಅನ್ನುವುದು. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಹಣ ಕೂಡಿಸಿದಾಗ ಊರೂರಲ್ಲಿ ಸಭೆ ಕಟ್ಟಿದ ಪೌಲನಂಥ ಪೌಲನೇ ಅದನ್ನು ಒಬ್ಬನೇ ನಿಭಾಯಿಸಲಿಲ್ಲ, ಯಾರೂ ಬೆರಳು ತೋರಿಸಬಾರದು ಅಂತ ತನ್ನ ಜೊತೆಗಾರ ತೀತನ ಜೊತೆ ಇನ್ನೂ ಇಬ್ಬರು ಸಹೋದರರನ್ನು ಕಳಿಸಿದ, ಕರ್ತನ ಎದುರು ಮಾತ್ರವಲ್ಲ, ಜನರ ಎದುರೂ ಸರಿಯಾಗಿರಬೇಕು ಅಂತ ಕೊರಿಂಥದವರಿಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯದಲ್ಲಿ ಬಿಡಿಸಿ ಹೇಳಿದ. ನಿಮ್ಮ ಮೇಲೆ ಅನುಮಾನ ಅಂತಲ್ಲ, ಇದು ನಿಮ್ಮ ರಕ್ಷಣೆಗೇ. ಇಬ್ಬರು ಎಣಿಸಲಿ, ಒಂದೇ ಮನೆಯವರು ಬೇಡ. ಐನೂರರ ನೋಟು ಎಷ್ಟು, ನೂರರದ್ದು ಎಷ್ಟು, ಚಿಲ್ಲರೆ ಎಷ್ಟು ಅಂತ ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಅದೇ ಮೊತ್ತ ಪುಸ್ತಕಕ್ಕೆ ಹೋಗಲಿ, ಮಾರನೇ ದಿನ ಬ್ಯಾಂಕಿಗೂ ಅಷ್ಟೇ ಬೀಳಲಿ. ಜೊತೆಗೊಬ್ಬರು ಇದ್ದರೆ ಅರ್ಧ ಬೇಜಾರು ಅಲ್ಲೇ ಹೋಗುತ್ತದೆ. ಬೆಳಗಿಂದ ಸಂಜೆವರೆಗೆ ಒಬ್ಬನೇ ನ್ಯಾಯ ಹೇಳುತ್ತಿದ್ದ ಇಸ್ರಾಯೇಲ್ಯರ ನಾಯಕ ಮೋಶೆಗೆ ಮಾವ ಇತ್ರೋನನು, ಹೀಗೆ ಮಾಡಿದರೆ ನೀನೂ ಸೊರಗುತ್ತೀಯ, ಜನರೂ ಸೊರಗುತ್ತಾರೆ ಅಂದಿದ್ದ, ಅಲ್ವಾ?

ಇಷ್ಟಾದರೂ ಬಿಡಬೇಕು ಅನ್ನಿಸಿದರೆ ಧಾರಾಳವಾಗಿ ಬಿಡಿ. ಆ ಹಣವೂ ನಮ್ಮದಲ್ಲ, ಹುದ್ದೆಯೂ ನಮ್ಮದಲ್ಲ. ಸರಿಯಾಗಿ ಇನ್ನೊಬ್ಬರ ಕೈಗೆ ಒಪ್ಪಿಸುವುದೂ ಸೇವೆಯೇ. ಸುಮ್ನೆ ರಾಜೀನಾಮೆ ಕೊಟ್ಟು ಎದ್ದು ಬರಬೇಡಿ. ಯುವಜನರಲ್ಲಿ ಲೆಕ್ಕ ಗೊತ್ತಿರುವ ಒಬ್ಬರನ್ನು ಕೆಲವು ತಿಂಗಳು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿ. ಮಾರ್ಚ್ ಲೆಕ್ಕ ಮುಗಿದು ಆಡಿಟ್ ಆದ ಮೇಲೆ ಸಭೆಯ ಮುಂದೆಯೇ ರಸೀದಿ ಪುಸ್ತಕ, ಚೆಕ್‌ಬುಕ್ ಒಪ್ಪಿಸಿ. ಬ್ಯಾಂಕಿನಲ್ಲಿ ಸಹಿ ಬದಲಾಯಿಸುವುದನ್ನು ಮರೆಯಬೇಡಿ.

ಸದ್ಯಕ್ಕೆ ಸಭೆಯ ಪಾದ್ರಿ ಅಯ್ಯನವರ ಹತ್ತಿರ ನೇರವಾಗಿ ಮಾತಾಡಿ. ಬರುವ ಭಾನುವಾರದಿಂದ ಎಣಿಸಲು ಇನ್ನೊಬ್ಬರು ಬಂದು ಕೂರುವವರೆಗೆ ಕಾಣಿಕೆ ಚೀಲ ಬಿಚ್ಚಬೇಡಿ.