ಸಂಪಾದಕರ ಉತ್ತರ: ಬಾಗಿಲು ತೆರೆದ ಮೇಲಿನ ಕಥೆ

ನಿಮ್ಮ ಪತ್ರ ಓದಿ ಎರಡು ದಿನ ಸುಮ್ನೆ ಇಟ್ಟುಕೊಂಡಿದ್ದೆ. ಉತ್ತರ ಬರೆಯಲು ಕೂತಾಗಲೆಲ್ಲ ಮೊದಲು ನಮ್ಮದೇ ವಿಮರ್ಶೆ ತೆಗೆದು ಓದಬೇಕಾಗುತ್ತಿತ್ತು. ಓದಿದಾಗಲೆಲ್ಲ ಮುಜುಗರ.

ಉಳಿದ ಓದುಗರಿಗಾಗಿ ಪತ್ರದ ತಿರುಳು ಹೇಳಿಬಿಡುತ್ತೇನೆ. ಇವರ ತಮ್ಮನಿಗೆ ಹೆರಾಯಿನ್ ಚಟವಿತ್ತು. ಎರಡು ವರ್ಷದಿಂದ ಚಿಕಿತ್ಸೆಯಲ್ಲಿದ್ದಾರೆ. ನಡುವೆ ಎರಡು ಸಲ ಜಾರಿದ್ದಾರೆ, ಎರಡು ಸಲವೂ ವಾಪಸ್ ಬಂದಿದ್ದಾರೆ. ಮೊನ್ನೆ ಮನೆಯವರೆಲ್ಲ ಸೇರಿ ಒಂದು ಸಿನಿಮಾ ನೋಡಿದರು. ನಾವು 'ಚಟದ ನೈಜ ಚಿತ್ರಣ' ಎಂದು ಹೊಗಳಿದ್ದ ಸಿನಿಮಾ. ಅದರಲ್ಲಿ ಗೆಳತಿ ನಾಯಕನನ್ನು ಕೋಣೆಗೆ ತಳ್ಳಿ ಬೀಗ ಹಾಕುತ್ತಾಳೆ. ಅವನು ರಾತ್ರಿಯೆಲ್ಲ ಕಿರುಚುತ್ತಾನೆ, ಗೋಡೆ ಗುದ್ದುತ್ತಾನೆ. ಬೆಳಗ್ಗೆ ಬಾಗಿಲು ತೆರೆದರೆ ಹೊಸ ಮನುಷ್ಯ. ಆಗ ಅಪ್ಪ ಮಗನ ಕಡೆ ತಿರುಗಿ, "ನೋಡು, ಮನಸ್ಸು ಮಾಡಿದರೆ ಒಂದು ರಾತ್ರಿ ಸಾಕು" ಅಂದರಂತೆ. ತಮ್ಮ ಮಾತಾಡದೆ ಎದ್ದುಹೋದರಂತೆ. ಇಂಥ ಸಿನಿಮಾಗಳನ್ನು ತೆಗೆಯುವುದನ್ನೇ ನಿಲ್ಲಿಸಬಾರದೇ, ಅದನ್ನು ನೈಜ ಅಂದ ನಿಮಗೆ ಏನು ಹೇಳಲಿ ಎಂದು ಅಕ್ಕ ಕೇಳಿದ್ದಾರೆ.

ಎರಡನೆಯದಕ್ಕೆ ಮೊದಲು ಉತ್ತರ. ಆ ಪದ ತಪ್ಪು. ವಿಮರ್ಶೆ ಬರೆದವರು ನಟನ ಬೆವರು, ನಡುಕ ನೋಡಿ ನೈಜ ಅಂದರು. ಅದನ್ನು ಹಾಗೇ ಅಚ್ಚಿಗೆ ಕಳಿಸಿದವನು ನಾನು. ನಡುಕವನ್ನು ಚೆನ್ನಾಗಿ ನಟಿಸುವುದು ಬೇರೆ. ಅದು ಎಷ್ಟು ದಿನ ಇರುತ್ತದೆ, ಆಮೇಲೆ ಏನಾಗುತ್ತದೆ ಎಂದು ತಿಳಿದಿರುವುದು ಬೇರೆ. ಎರಡನೆಯದನ್ನು ನಮ್ಮಲ್ಲಿ ಯಾರೂ ಕೇಳಲೇ ಇಲ್ಲ.

ಈ ಬೀಗ ಹಾಕಿದ ಕೋಣೆಗೆ ದೊಡ್ಡ ವಂಶಾವಳಿಯೇ ಇದೆ. 1955ರಲ್ಲಿ ಆಟೊ ಪ್ರೆಮಿಂಜರ್ 'ದ ಮ್ಯಾನ್ ವಿತ್ ದ ಗೋಲ್ಡನ್ ಆರ್ಮ್' ತೆಗೆದರು. ಆಗ ಹಾಲಿವುಡ್ ತನಗೆ ತಾನೇ ಹಾಕಿಕೊಂಡ ನಿಯಮಗಳ ಪ್ರಕಾರ ಡ್ರಗ್ಸ್ ಚಟ ತೋರಿಸುವ ಹಾಗೇ ಇರಲಿಲ್ಲ. ಸಿನಿಮಾಕ್ಕೆ ಒಪ್ಪಿಗೆಯ ಮುದ್ರೆ ಸಿಗಲಿಲ್ಲ. ಮುದ್ರೆ ಇಲ್ಲದೆಯೇ ತೆರೆಗೆ ಬಂತು. ಮರುವರ್ಷ ಆ ನಿಯಮವನ್ನೇ ಸಡಿಲಿಸಿದರು. ಬಾಯಿ ಮುಚ್ಚಿಸುವ ಕಟ್ಟಳೆಯೊಂದನ್ನು ಮುರಿದ ಸಿನಿಮಾ ಅದು, ಅದಕ್ಕೆ ನನ್ನ ನಮಸ್ಕಾರ ಇದೆ. ಆದರೆ ಫ್ರ್ಯಾಂಕ್ ಸಿನಾಟ್ರಾ ಪಾತ್ರವನ್ನು ಕೋಣೆಯಲ್ಲಿ ಕೂಡಿಹಾಕಿ ಚಟ ಬಿಡಿಸುವ ದೃಶ್ಯವೂ ಅದರಲ್ಲೇ ಇದೆ! 1996ರ 'ಟ್ರೇನ್‌ಸ್ಪಾಟಿಂಗ್'ಗೆ ಬಂದರೆ, ಅಲ್ಲಿ ಅಪ್ಪ ಅಮ್ಮ ಮಗನನ್ನು ಅವನದೇ ಕೋಣೆಯಲ್ಲಿ ಕೂಡಿಹಾಕುತ್ತಾರೆ. ಸತ್ತ ಮಗುವೊಂದು ಸೀಲಿಂಗ್ ಮೇಲೆ ತೆವಳುತ್ತ ಬರುತ್ತದೆ.

ಆ ಮಗುವಿನ ಬಗ್ಗೆ ಒಂದು ಮಾತು. ಹೆರಾಯಿನ್ ಬಿಟ್ಟವರಿಗೆ ಸಾಮಾನ್ಯವಾಗಿ ಇಂಥದ್ದು ಕಾಣಿಸುವುದಿಲ್ಲ. ಕೊನೆಯ ಡೋಸ್ ಆಗಿ ಅರ್ಧ ದಿನ ಕಳೆಯುವುದರೊಳಗೆ ಆಕಳಿಕೆ ಶುರುವಾಗುತ್ತದೆ, ಕಣ್ಣು ಮೂಗಲ್ಲಿ ನೀರು ಸುರಿಯುತ್ತದೆ. ಎರಡನೇ ಮೂರನೇ ದಿನಕ್ಕೆ ಮೈಕೈ ನೋವು, ವಾಂತಿ, ಭೇದಿ. ನಿದ್ದೆ ಹತ್ತಿರ ಸುಳಿಯುವುದಿಲ್ಲ. ಸುಮಾರು ಒಂದು ವಾರಕ್ಕೆ ಮೈಯ ಕಾಟ ಇಳಿಯುತ್ತದೆ. ಇಲ್ಲದ್ದು ಕಾಣಿಸುವುದು, ಜೀವಕ್ಕೇ ಎರವಾಗುವ ಫಿಟ್ಸ್, ಇವೆಲ್ಲ ಜಾಸ್ತಿ ಬರುವುದು ವರ್ಷಗಟ್ಟಲೆ ಕುಡಿದವರು ಒಮ್ಮೆಲೇ ಕುಡಿತ ಬಿಟ್ಟಾಗ. 1945ರ 'ದ ಲಾಸ್ಟ್ ವೀಕೆಂಡ್'ನಲ್ಲಿ ಕುಡುಕನ ಕಣ್ಣಿಗೆ ಇಲಿ, ಬಾವಲಿ ಕಾಣುತ್ತವಲ್ಲ, ಅವು ಇರಬೇಕಾದ ಜಾಗದಲ್ಲೇ ಇವೆ. ಆಮೇಲೆ ಬಂದವರು ಆ ಬಾವಲಿಗಳನ್ನು ಹೆರಾಯಿನ್ ಕೋಣೆಗೂ ಬಿಟ್ಟರು. ನಗು ಬರಬಹುದು. ಆದರೆ ಸಿನಿಮಾ ನೋಡಿ ಯಾರಾದರೂ ಮನೆಯ ಕುಡುಕನನ್ನು ಹೀಗೆ ಕೂಡಿಹಾಕಿದರೆ, ಬೆಳಗ್ಗೆ ಬಾಗಿಲು ತೆರೆದಾಗ ಹೆಣ ಸಿಗಬಹುದು.

ಹೆರಾಯಿನ್ ಚಟದಲ್ಲಿ ದೊಡ್ಡ ಅಪಾಯ ಇರುವುದು ಬಾಗಿಲು ತೆರೆದ ಮೇಲೆ. ಕೆಲವು ವಾರ ಬಿಟ್ಟರೆ ಸಾಕು, ಮೈ ಮೊದಲಿನಷ್ಟನ್ನು ತಾಳಿಕೊಳ್ಳುವುದಿಲ್ಲ. ಮನಸ್ಸಿಗೆ ಮಾತ್ರ ಹಳೆಯ ಅಳತೆಯೇ ನೆನಪು. ಒಮ್ಮೆ ಜಾರಿ ಹಳೇ ಡೋಸ್ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಚಿಕಿತ್ಸಾ ಕೇಂದ್ರದಿಂದಲೋ ಜೈಲಿನಿಂದಲೋ ಹೊರಗೆ ಬಂದ ಮೊದಲ ವಾರಗಳಲ್ಲಿ ಓವರ್‌ಡೋಸ್ ಸಾವು ಹೆಚ್ಚಾಗುವುದು ಇದಕ್ಕೇ. ಸಿನಿಮಾದಲ್ಲಿ ನಾಯಕ ಹೊರಗೆ ಕಾಲಿಟ್ಟ ಕೂಡಲೇ ಸಂಗೀತ ಏರುತ್ತದೆ, ನಾವು ಉಸ್ಸಪ್ಪ ಅಂತ ಸೀಟಿಗೆ ಒರಗುತ್ತೇವೆ. ವೈದ್ಯರು ಎಚ್ಚರಾಗಿ ಕೂರುವ ಹೊತ್ತು ಅದು.

ನಿಮ್ಮ ತಮ್ಮ ಹೆರಾಯಿನ್ ಚಟದ ಚಿಕಿತ್ಸೆಗೆ ಕೊಡುವ ಬ್ಯುಪ್ರೆನಾರ್ಫಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಅದಕ್ಕೆ ಅಪ್ಪ "ಒಂದು ಚಟ ಹೋಗಿ ಇನ್ನೊಂದು ಬಂತು" ಅನ್ನುತ್ತಾರೆ ಎಂದು ಬರೆದಿದ್ದೀರಿ. ಅಪ್ಪನವರಿಗೆ ಇದನ್ನು ಓದಿ ಹೇಳಿ. ಅದು ಮತ್ತು ಮೆಥಡೋನ್, ಎರಡೂ 2005ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಒಳಗಿನ ಹಪಾಹಪಿಯನ್ನು ತಗ್ಗಿಸಿ, ಓವರ್‌ಡೋಸ್ ಸಾವನ್ನು ಕಡಿಮೆ ಮಾಡುವ ಔಷಧಿಗಳು ಇವು. ಇಷ್ಟು ಮುಖ್ಯವಾದದ್ದು ಸಿನಿಮಾದಲ್ಲಿ ಯಾಕೆ ಅಪರೂಪ? ನನ್ನ ಲೆಕ್ಕ ಸರಳ. ನಾಲಿಗೆ ಕೆಳಗೆ ಮಾತ್ರೆ ಇಟ್ಟುಕೊಂಡು ಕರಗುವ ತನಕ ಕೂರುವುದರಲ್ಲಿ ಕ್ಲೈಮ್ಯಾಕ್ಸ್ ಎಲ್ಲಿದೆ? ನಾಳೆಯೂ ಅದೇ, ನಾಡಿದ್ದೂ ಅದೇ. ಎರಡು ಗಂಟೆಯೊಳಗೆ ಕಥೆ ಮುಗಿಸಬೇಕಾದವರಿಗೆ ಕಿರುಚುವ ಒಂದು ರಾತ್ರಿಯೇ ಅನುಕೂಲ.

ಹಾಗಂತ ತೆಗೆಯುವುದನ್ನೇ ನಿಲ್ಲಿಸಬೇಕು ಎಂಬ ನಿಮ್ಮ ಮಾತನ್ನು ಒಪ್ಪಲಾರೆ. 'ರಿಕ್ವೀಮ್ ಫಾರ್ ಎ ಡ್ರೀಮ್' (2000) ನೋಡುವಾಗ ನನಗೆ ಮಗನಿಗಿಂತ ತಾಯಿಯೇ ಜಾಸ್ತಿ ಕಾಡಿದಳು. ಟೀವಿಯಲ್ಲಿ ಕಾಣಿಸಿಕೊಳ್ಳಬೇಕು, ಅದಕ್ಕೆ ತೆಳ್ಳಗಾಗಬೇಕು ಅಂತ ವೈದ್ಯರು ಬರೆದುಕೊಟ್ಟ ಮಾತ್ರೆ ನುಂಗುತ್ತ ಅದಕ್ಕೇ ಅಂಟಿಹೋಗುವ ಹೆಂಗಸು ಅವಳು. ಚಟ ಅಂದರೆ ಬೀದಿ ಬದಿಯ ಸಿರಿಂಜು ಮಾತ್ರ ಅಲ್ಲ ಎಂದು ಹೇಳಲು ಒಬ್ಬ ನಿರ್ದೇಶಕ ಬೇಕಾಯಿತು, ಅಲ್ವಾ? ತೋರಿಸಬಾರದು ಅಂದಿದ್ದರೆ ಅವಳೂ ಇರುತ್ತಿರಲಿಲ್ಲ.

ಆದರೆ ಒಳ್ಳೆಯ ಉದ್ದೇಶ ಇದ್ದರೆ ಸಾಲದು ಎಂಬುದೂ ನಿಜ. ದೇವ್ ಆನಂದ್ 1971ರಲ್ಲಿ 'ಹರೇ ರಾಮ ಹರೇ ಕೃಷ್ಣ' ತೆಗೆದದ್ದು ನಶೆಯಲ್ಲಿ ಕಳೆದುಹೋದ ತಂಗಿಯ ಕಥೆ ಹೇಳಲು. ಜನರ ಬಾಯಲ್ಲಿ ಉಳಿದದ್ದು 'ದಂ ಮಾರೋ ದಂ'. ಇನ್ನು ಹೆದರಿಸಲೆಂದೇ ತೋರಿಸುವ ಸೂಜಿಯ ಕ್ಲೋಸಪ್‌ಗಳಿವೆ. ನಾನು ನೋಡಿದರೆ ಮುಖ ತಿರುಗಿಸುತ್ತೇನೆ. ಬಿಟ್ಟವರಿಗೆ ಅದೇ ದೃಶ್ಯ ಹಳೆಯ ಆಸೆ ಕೆರಳಿಸಬಹುದು. ಸೂಜಿ, ಚಮಚ, ಲೈಟರ್ ಕಂಡರೆ ಸಾಕು, ಮೈ ತಾನಾಗಿ ನೆನಪಿಸಿಕೊಳ್ಳುತ್ತದೆ. ನಿಮ್ಮ ತಮ್ಮ ಅವಮಾನದಿಂದ ಎದ್ದುಹೋದರು ಎಂದು ನೀವು ಬರೆದಿದ್ದೀರಿ. ಅದಕ್ಕೇ ಇರಬಹುದು. ಇದೂ ಒಂದು ಕಾರಣ ಇದ್ದೀತು, ಸಮಯ ನೋಡಿ ಮೆತ್ತಗೆ ಕೇಳಿ.

ಪತ್ರದ ಕೊನೆಗೆ, ಸುಮ್ನೆ ಸೇರಿಸಿದ ಹಾಗೆ ನೀವು ಬರೆದ ಒಂದು ಸಾಲಿದೆ. ಈಗಲೂ ನಿಮ್ಮ ತಮ್ಮ ಬಚ್ಚಲುಮನೆಯಲ್ಲಿ ಹತ್ತು ನಿಮಿಷ ಜಾಸ್ತಿ ಇದ್ದರೆ, ನೀವು ಬಾಗಿಲ ಹೊರಗೆ ನಿಂತು ನೀರಿನ ಸದ್ದು ಕೇಳಿಸಿಕೊಳ್ಳುತ್ತೀರಂತೆ. ಅವರಿಗೂ ಅದು ಗೊತ್ತಿದೆ, ಅದಕ್ಕೇ ಒಳಗಿಂದ ಏನಾದರೂ ಗುನುಗುತ್ತಿರುತ್ತಾರಂತೆ. ಸಿನಿಮಾ ನೋಡುವುದೇ ಕಸುಬಾದ ನಾನು ಈ ದೃಶ್ಯವನ್ನು ಎಲ್ಲೂ ನೋಡಿಲ್ಲ.

ಮುಂದಿನ ಸಂಚಿಕೆಯಲ್ಲಿ ಆ ವಿಮರ್ಶೆಗೆ ತಿದ್ದುಪಡಿ ಹಾಕುತ್ತೇವೆ, ವಿಮರ್ಶೆ ಬಂದಿದ್ದ ಪುಟದಲ್ಲೇ. ತಮ್ಮ ಒಪ್ಪಿದರೆ ಅವರೇ ನಾಲ್ಕು ಮಾತು ಬರೆಯಲಿ, ಹೆಸರು ಹಾಕುವುದಿಲ್ಲ. ಬೇಡ ಅಂದರೆ ಬೇಡ, ಬಲವಂತ ಮಾಡಬೇಡಿ.