ರಿಪೋರ್ಟಿನಲ್ಲಿ ‘ಲಾ’ ಅಂತ ಬಂದಿದೆ, ಏನದು?

ಪ್ರಶ್ನೆ: ಮೇಡಂ, ನಮ್ಮ ತಾಯಿಗೆ ಎರಡು ವರ್ಷದಿಂದ ಕಣ್ಣು ಉರಿ, ಬಾಯಿ ಒಣಗುವುದು. ರೊಟ್ಟಿ ತಿನ್ನುವಾಗ ತುತ್ತಿಗೊಮ್ಮೆ ನೀರು ಬೇಕು. ಡಾಕ್ಟರು ಶೋಗ್ರೆನ್ ಕಾಯಿಲೆ ಅಂದರು. ರಕ್ತದ ರಿಪೋರ್ಟಿನಲ್ಲಿ ‘ಎಸ್‌ಎಸ್-ಬಿ / ಲಾ: ಪಾಸಿಟಿವ್’ ಅಂತ ಇದೆ. ಗೂಗಲ್ ಮಾಡಿದರೆ, ಲಾ ಅನ್ನೋದು ಟಿಆರ್‌ಎನ್‌ಎ ತಯಾರಿಗೆ ಬೇಕಾದ ಪ್ರೋಟೀನ್ ಅಂತ ಬರುತ್ತದೆ. ಬೇಕಾದದ್ದೇ ಆದರೆ ಪಾಸಿಟಿವ್ ಬಂದದ್ದು ಒಳ್ಳೆಯದಲ್ವಾ? ಊಟದಲ್ಲಿ ಏನಾದರೂ ಬಿಡಿಸಬೇಕಾ?
– ಒಬ್ಬ ಓದುಗ, ಹಾವೇರಿ

ಉತ್ತರ: ಆ ಪರೀಕ್ಷೆ ಲಾ ಪ್ರೋಟೀನನ್ನು ಅಳೆಯುವುದೇ ಇಲ್ಲ. ಲಾ ನನ್ನಲ್ಲೂ ಇದೆ, ನಿಮ್ಮಲ್ಲೂ ಇದೆ. ಪರೀಕ್ಷೆ ಹುಡುಕುವುದು ಲಾ ವಿರುದ್ಧ ದೇಹ ಮಾಡಿಕೊಂಡ ಆ್ಯಂಟಿಬಾಡಿಯನ್ನು. ಕಾವಲುಗಾರ ಮನೆಯವರನ್ನೇ ಕಳ್ಳರು ಅಂದುಕೊಂಡ ಹಾಗೆ. ಹಾಗಾಗಿ ಪಾಸಿಟಿವ್ ಅಂದರೆ ಖುಷಿಪಡುವ ವಿಷಯ ಅಲ್ಲ. ಹಾಗಂತ ತಾಯಿಯವರ ಜೀವಕೋಶಗಳಲ್ಲಿ ಲಾ ಕೆಲಸ ಬಿಟ್ಟು ಕೂತಿದೆ ಅಂತಲೂ ಅಲ್ಲ. ಇದನ್ನು ಏರಿಸುವ, ಇಳಿಸುವ ಊಟ ಯಾವುದೂ ಇಲ್ಲ, ಸುಮ್ನೆ ಏನನ್ನೂ ಬಿಡಿಸಬೇಡಿ. ಬಾಯಿ ಒಣಗುವವರಿಗೆ ಹಲ್ಲು ಬೇಗ ಹುಳುಕಾಗುತ್ತದೆ, ಹಲ್ಲಿನ ಡಾಕ್ಟರಿಗೊಮ್ಮೆ ತೋರಿಸಿ. ಔಷಧಿ ವಿಷಯ ನಿಮ್ಮ ಡಾಕ್ಟರಿಗೇ ಬಿಟ್ಟದ್ದು, ನಾನು ಬರೀ ಜೀವಶಾಸ್ತ್ರದ ಮೇಷ್ಟ್ರು.

‘ಲಾ’ ಅಂದರೆ ಕಾನೂನೂ ಅಲ್ಲ. ಯಾರ ರಕ್ತದಲ್ಲಿ ಈ ಆ್ಯಂಟಿಬಾಡಿ ಮೊದಲು ಸಿಕ್ಕಿತೋ ಆ ರೋಗಿಯ ಹೆಸರಿನ ಮೊದಲೆರಡು ಇಂಗ್ಲಿಷ್ ಅಕ್ಷರ. ರಿಪೋರ್ಟಿನಲ್ಲಿ ಪಕ್ಕದಲ್ಲೇ ಇರುವ ‘ರೋ’ ಕೂಡ ಹಾಗೇ ಬಂದದ್ದು.

ಈಗ ಅದರ ಕೆಲಸ. ಜೀವಕೋಶದಲ್ಲಿ ಪ್ರೋಟೀನ್ ಕಟ್ಟುವ ಜಾಗಕ್ಕೆ ಅಮೈನೋ ಆಮ್ಲಗಳನ್ನು ಹೊತ್ತು ತರುವುದು ಟ್ರಾನ್ಸ್‌ಫರ್ ಆರ್‌ಎನ್‌ಎ, ಅಂದರೆ ಟಿಆರ್‌ಎನ್‌ಎ. ಸುಮಾರು 76 ಅಕ್ಷರಗಳ, ಅಂದರೆ 76 ರಾಸಾಯನಿಕ ಮಣಿಗಳ, ಚಿಕ್ಕ ದಾರ. ಆದರೆ ಅದು ಹುಟ್ಟುವಾಗ ಉದ್ದ ಜಾಸ್ತಿ ಇರುತ್ತದೆ, ಎರಡೂ ತುದಿಗೆ ಬೇಡದ ತುಂಡು. ಅಂಗಡಿಯಿಂದ ತಂದ ರೇಷ್ಮೆ ಸೀರೆ ನೆನಪಿಸಿಕೊಳ್ಳಿ. ಒಂದು ತುದಿಯಲ್ಲಿ ಬ್ಲೌಸ್ ಪೀಸ್ ಅಂಟಿಕೊಂಡಿರುತ್ತದೆ. ಸೆರಗಿನ ತುದಿಯಲ್ಲಿ ಬಿಡಿ ಎಳೆಗಳು. ಸಾಮಾನ್ಯವಾಗಿ ಮೊದಲು ಮುಂದಿನ ತುಂಡನ್ನು ಆರ್‌ಎನ್‌ಏಸ್ ಪಿ ಅನ್ನೋ ಕಿಣ್ವ ಕತ್ತರಿಸುತ್ತದೆ. ಆಮೇಲೆ ಹಿಂದಿನ ಬಾಲವನ್ನು ಆರ್‌ಎನ್‌ಏಸ್ ಝಡ್. ಕೊನೆಗೆ ಇನ್ನೊಂದು ಕಿಣ್ವ ಬಂದು ಸಿ-ಸಿ-ಎ ಅನ್ನೋ ಮೂರಕ್ಷರದ ಕುಚ್ಚು ಕಟ್ಟುತ್ತದೆ. ಅಮೈನೋ ಆಮ್ಲ ನೇತಾಡುವುದು ಆ ಕುಚ್ಚಿಗೇ.

ಬಾಲಕ್ಕೆ ಕತ್ತರಿ ಬೀಳುವವರೆಗೆ ಸೆರಗಿನ ಎಳೆ ಬಿಚ್ಚಿಕೊಳ್ಳದ ಹಾಗೆ ಹಿಡಿದುಕೊಳ್ಳಬೇಕಲ್ಲ? ಲಾ ಮಾಡುವುದು ಅದನ್ನೇ. ಹೊಸ ಟಿಆರ್‌ಎನ್‌ಎ ಬಾಲದ ಕೊನೆಯಲ್ಲಿ ಯಾವಾಗಲೂ ಯು-ಯು-ಯು ಅಂತ ಕೆಲವು ಅಕ್ಷರ ಇರುತ್ತವೆ. ಲಾ ಪ್ರೋಟೀನಿನ ಎರಡು ಭಾಗಗಳು ಸೇರಿ, ಹೆಬ್ಬೆರಳು ತೋರುಬೆರಳಲ್ಲಿ ಚಿವುಟಿದ ಹಾಗೆ, ಆ ತುದಿಯನ್ನು ಹಿಡಿಯುತ್ತವೆ. ಬಾಲ ಕತ್ತರಿಸಿದ ಮೇಲೆ ಆ ಯು-ಯು-ಯು ಉಳಿಯುವುದಿಲ್ಲ, ಲಾಗೆ ಹಿಡಿಯಲು ಏನೂ ಇರುವುದಿಲ್ಲ.

ಹಿಡಿಯದಿದ್ದರೆ ಏನಾಗುತ್ತದೆ? ಆರ್‌ಎನ್‌ಎಯನ್ನು ತುದಿಯಿಂದ ಒಂದೊಂದೇ ಅಕ್ಷರ ತಿನ್ನುವ ಕಿಣ್ವಗಳು ಜೀವಕೋಶದಲ್ಲೇ ಇವೆ. ಇನ್ನೊಂದು ಬಗೆಯ ಆರ್‌ಎನ್‌ಎ ಕತ್ತರಿಗಳು ನಮ್ಮ ಬೆರಳ ಬೆವರಿನಲ್ಲೂ ಇವೆ. ನಾನು ಎಂ.ಫಿಲ್. ಮಾಡುವಾಗ ಒಂದು ವಾರ ಕೂತು ಯೀಸ್ಟ್‌ನಿಂದ ಆರ್‌ಎನ್‌ಎ ತೆಗೆದಿದ್ದೆ. ಮಧ್ಯಾಹ್ನ ಹಸಿವು, ಅವಸರ. ಗ್ಲೌಸ್ ಇಲ್ಲದೆ ಟ್ಯೂಬಿನ ಮುಚ್ಚಳ ತೆಗೆದೆ. ಮಾರನೇ ದಿನ, ಆರ್‌ಎನ್‌ಎಗಳನ್ನು ಉದ್ದದ ಪ್ರಕಾರ ಬೇರೆ ಮಾಡಿ ತೋರಿಸುವ ಜೆಲ್‌ನಲ್ಲಿ ಚೂಪಾದ ಗೆರೆಗಳು ಬರಬೇಕಿತ್ತು. ಬಂದದ್ದು ಕಾಡಿಗೆ ಒರೆಸಿದ ಹಾಗೆ ಉದ್ದನೆಯ ಕಲೆ. ಗೈಡ್ ಏನೂ ಹೇಳಲಿಲ್ಲ, ಡಬ್ಬಿಯಿಂದ ಒಂದು ಜೊತೆ ಗ್ಲೌಸ್ ತೆಗೆದು ನನ್ನ ಟೇಬಲ್ಲಿನ ಮೇಲಿಟ್ಟು ಹೋದರು.

ಇನ್ನೊಂದು ಮಾತು. ಇದೆಲ್ಲ ಗೊತ್ತಾದದ್ದರಲ್ಲಿ ನಿಮ್ಮ ತಾಯಿಯವರಂಥ ರೋಗಿಗಳ ಪಾಲೂ ಇದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜೋನ್ ಸ್ಟೈಟ್ಜ್ ಮತ್ತು ಮೈಕೆಲ್ ಲರ್ನರ್ 1979ರಲ್ಲಿ ಲೂಪಸ್ (ಇದೂ ಕಾವಲುಗಾರ ಮನೆಯವರ ಮೇಲೇ ಬೀಳುವ ಕಾಯಿಲೆ) ರೋಗಿಗಳ ಆ್ಯಂಟಿಬಾಡಿಯನ್ನೇ ಗಾಳ ಮಾಡಿಕೊಂಡು ಜೀವಕೋಶದ ಚಿಕ್ಕ ಆರ್‌ಎನ್‌ಎಗಳನ್ನು ಹಿಡಿದರು. 1981ರಲ್ಲಿ ಲಾ ಆ್ಯಂಟಿಬಾಡಿಯ ಗಾಳವನ್ನೂ ಹಾಕಿ ನೋಡಿದರು. ಲಾ ಯಾವ ಆರ್‌ಎನ್‌ಎಗಳನ್ನು ಹಿಡಿದುಕೊಂಡಿರುತ್ತದೆ ಅನ್ನೋದು ಹೀಗೆ ಬೆಳಕಿಗೆ ಬರತೊಡಗಿತು.

ಪ್ರಶ್ನೆ: ಲಾ ಟಿಆರ್‌ಎನ್‌ಎ ತಯಾರಿಯನ್ನು ನಿಯಂತ್ರಿಸುತ್ತದೆ ಅಂತಾರೆ. ಆದರೆ ಕತ್ತರಿಸುವುದೆಲ್ಲ ಬೇರೆ ಕಿಣ್ವಗಳು. ಲಾ ಸುಮ್ನೆ ಹಿಡಿದುಕೊಳ್ಳುತ್ತದೆ ಅಷ್ಟೇ. ಅದನ್ನು ‘ನಿಯಂತ್ರಣ’ ಅಂತ ಯಾಕೆ ಕರೆಯಬೇಕು ಮೇಡಂ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಮೈಸೂರು

ಉತ್ತರ: ಒಳ್ಳೆ ಜಗಳ ತೆಗೆದಿದ್ದೀಯಮ್ಮ. ಉತ್ತರ ಯೀಸ್ಟ್‌ನಲ್ಲಿದೆ. ಯೀಸ್ಟ್‌ನ ಲಾ ಜೀನನ್ನು ತೆಗೆದುಹಾಕಿದರೂ ಅದು ಆರಾಮವಾಗಿ ಬೆಳೆಯುತ್ತದೆ. ಆದರೆ ಬಾಲ ಹೋಗುವ ದಾರಿ ಬದಲಾಗುತ್ತದೆ. ಒಂದೇ ಏಟಿಗೆ ಕತ್ತರಿಸುವ ಬದಲು ಬಾಲವನ್ನು ತುದಿಯಿಂದ ಕೊರೆದು ತಿನ್ನಲಾಗುತ್ತದೆ. ಅಂದರೆ ಕತ್ತರಿ ಬೀಳುತ್ತದೋ ಹಲ್ಲು ಬೀಳುತ್ತದೋ ಅನ್ನೋದನ್ನು ತೀರ್ಮಾನಿಸುವುದು ಹಿಡಿದ ಕೈ. ಇದು ನಿಯಂತ್ರಣ ಅಲ್ಲದೆ ಇನ್ನೇನು?

ಇನ್ನೂ ಇದೆ. ಸೀರಿನ್ ಅನ್ನೋ ಅಮೈನೋ ಆಮ್ಲ ಹೊರುವ ಒಂದು ಟಿಆರ್‌ಎನ್‌ಎಯಲ್ಲಿ ಒಂದೇ ಒಂದು ಅಕ್ಷರ ಕೆಟ್ಟು, ಅದು ಸರಿಯಾಗಿ ಮಡಚಿಕೊಳ್ಳದಂತಾದರೆ, ಅದೇ ಯೀಸ್ಟ್ ಲಾ ಇಲ್ಲದೆ ಬದುಕುವುದಿಲ್ಲ. 1997ರಲ್ಲಿ ಪ್ರಕಟವಾದ ಕೆಲಸ ಇದು. ಮಡಚಿಕೊಳ್ಳಲು ಒದ್ದಾಡುವ ಆರ್‌ಎನ್‌ಎಗೆ ಲಾ ಆಸರೆಯೂ ಹೌದು ಅಂತಾಯಿತು. ಇಲಿಯ ವಿಷಯದಲ್ಲಂತೂ ಚರ್ಚೆಯೇ ಇಲ್ಲ, ಲಾ ಇಲ್ಲದ ಭ್ರೂಣ ಉಳಿಯುವುದಿಲ್ಲ.

ಲಾ ಹಿಡಿಯುವುದು ಟಿಆರ್‌ಎನ್‌ಎ ಒಂದನ್ನೇ ಅಲ್ಲ. ಹೆಪಟೈಟಿಸ್ ಸಿ ವೈರಸ್ ತನ್ನ ಪ್ರೋಟೀನ್ ಮಾಡಿಸಿಕೊಳ್ಳಲು ಇದೇ ಲಾವನ್ನು ದುಡಿಸಿಕೊಳ್ಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೌಮಿತ್ರ ದಾಸ್ ಅವರ ತಂಡ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ ಅಲ್ಲಿಂದ ಶುರು ಮಾಡು. ಗ್ಲೌಸ್ ಮರೆಯಬೇಡ.